ಬಂದಿಶ್ ಕಟ್ಟಿದವರು ಯಾರು? ಹೆಚ್ಚು ಹೆಸರಾಗದ ವಾಗ್ಗೇಯಕಾರರ ಧ್ವನಿಮುದ್ರಿಕೆಗಳನ್ನು ಕುರಿತ ಚರ್ಚೆ

ಪೂರ್ವಾಂಗ, ಕಲಬುರಗಿ

ಬಳಗದ ಎಲ್ಲ ಸಂಗೀತಪ್ರಿಯರಿಗೆ ನಮಸ್ಕಾರ. ಇಲ್ಲಿ ನಾವು ಧ್ವನಿಮುದ್ರಿಕೆಯೊಂದನ್ನು ಹಂಚಿಕೊಳ್ಳುವಾಗ ಗಾಯಕರ ಹೆಸರು, ರಾಗ, ತಾಳ, ಗೊತ್ತಿದ್ದರೆ ತಬಲಾ ಮತ್ತು ಹಾರ್ಮೋನಿಯಂ ಸಾಥ್ ನೀಡಿದವರ ಹೆಸರನ್ನೂ ತಪ್ಪದೆ ಬರೆಯುತ್ತೇವೆ. ಆದರೆ ಆ ಬಂದಿಶ್, ಅಂದರೆ ರಾಗ ತಾಳಗಳಲ್ಲಿ ಕಟ್ಟಿದ ಹಾಡು, ಯಾರ ರಚನೆ ಎಂಬ ವಿವರ ಬಹುಮಟ್ಟಿಗೆ ಕಾಣುವುದಿಲ್ಲ. ಈ ರೂಢಿ ನಮ್ಮಿಂದ ಆರಂಭವಾದದ್ದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಧ್ವನಿಮುದ್ರಣ ನಡೆದಾಗ ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿದರು. ತಟ್ಟೆಯ ನಡುವಿನ ಚೀಟಿಯ ಮೇಲೆ ಕಲಾವಿದರ ಹೆಸರು, ರಾಗದ ಹೆಸರು ಅಚ್ಚಾದವು. ರಚನಕಾರರ ಹೆಸರಿಗೆ ಆ ಚೀಟಿಯಲ್ಲಿ ಸಾಮಾನ್ಯವಾಗಿ ಜಾಗ ಸಿಗಲಿಲ್ಲ. ಮುಂದೆ ಎಲ್‌ಪಿ, ಕ್ಯಾಸೆಟ್, ಸಿಡಿಗಳು ಬಂದರೂ ಹಿಂದೂಸ್ತಾನಿ ಸಂಗೀತದ ಮುಖ್ಯ ಪ್ರಕಾರವಾದ ಖ್ಯಾಲ್ ಗಾಯನದ ಮಟ್ಟಿಗೆ ಇದೇ ಪದ್ಧತಿ ಮುಂದುವರಿಯಿತು.

ಆದ್ದರಿಂದ ನನ್ನದೊಂದು ಕೋರಿಕೆಯಿದೆ. ಇನ್ನು ಮುಂದೆ ಪ್ರತಿಯೊಂದು ಧ್ವನಿಮುದ್ರಿಕೆಯ ಕೆಳಗೆ ರಚನಕಾರರ ಹೆಸರನ್ನೂ ಬರೆಯೋಣ. ಅದರಲ್ಲೂ ಹೆಚ್ಚು ಪ್ರಚಾರ ಪಡೆಯದ ವಾಗ್ಗೇಯಕಾರರ (ಮಾತು, ಸ್ವರ ಎರಡನ್ನೂ ಕಟ್ಟುವವರ) ರಚನೆಗಳನ್ನು ಹುಡುಕಿ ತಂದು, ಅವು ಏಕೆ ಕೇಳತಕ್ಕವು ಎಂಬುದನ್ನೂ ನಾಲ್ಕು ಮಾತುಗಳಲ್ಲಿ ಹೇಳೋಣ.

ನಾನೇ ಆರಂಭಿಸುತ್ತೇನೆ. ಜೋಗಕೌಂಸ್ ರಾಗವನ್ನು ನಮ್ಮಲ್ಲಿ ಕೇಳದವರು ಕಡಿಮೆ. ಆದರೆ ಆ ರಾಗವನ್ನು ರೂಪಿಸಿದವರು ಪಂಡಿತ ಜಗನ್ನಾಥಬುವಾ ಪುರೋಹಿತರು (1904–1968) ಎಂದು ಬಲ್ಲವರು ಅಷ್ಟಿಲ್ಲ. ‘ಗುಣಿದಾಸ’ ಎಂಬ ಅಂಕಿತದಲ್ಲಿ ಅವರು ಬಂದಿಶ್‌ಗಳನ್ನು ಕಟ್ಟಿದರು. ಈ ರಾಗದ ‘ಸುಘರ ಬರ’ ಎಂಬ ವಿಲಂಬಿತ್ (ನಿಧಾನ ಲಯದ) ಖ್ಯಾಲ್ ಮತ್ತು ‘ಪೀರ ಪರಾಯೀ’ ಎಂಬ ದ್ರುತ್ (ವೇಗದ ಲಯದ) ಬಂದಿಶ್ ಎರಡೂ ಅವರವೇ. ಅವರ ಶಿಷ್ಯರಾದ ಸಿ. ಆರ್. ವ್ಯಾಸರು ಹಾಡಿರುವ ಜೋಗಕೌಂಸನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಕೇಳಬೇಕೆಂದು ವಿನಂತಿಸುತ್ತೇನೆ. ಶುದ್ಧ, ಕೋಮಲ ಎಂಬ ಎರಡು ಗಾಂಧಾರಗಳ (ಗ ಸ್ವರದ ಎರಡು ರೂಪಗಳ) ನಡುವಿನ ಎಳೆದಾಟವನ್ನು ಕೋಮಲ ಧೈವತ ಮತ್ತು ಶುದ್ಧ ನಿಷಾದಗಳು ಮೇಲಕ್ಕೆ ಒಯ್ಯುವ ಬಗೆ ಬಂದಿಶ್‌ನ ಮುಖಡಾದಲ್ಲಿಯೇ (ಮತ್ತೆ ಮತ್ತೆ ಮರಳುವ ಆರಂಭದ ತುಣುಕಿನಲ್ಲಿಯೇ) ಅಡಕವಾಗಿದೆ. ಗಾಯಕರು ವಿಸ್ತರಿಸುವುದು ರಚನಕಾರರು ಮೊದಲೇ ಹಾಕಿಟ್ಟ ದಾರಿಯನ್ನು ಎಂಬುದು ಆಗ ಸ್ಪಷ್ಟವಾಗಿ ಕೇಳಿಸುತ್ತದೆ.

ಮಂದ್ರಷಡ್ಜ, ಬೀದರ

ಪೂರ್ವಾಂಗ ಅವರೇ, ಬಹಳ ಅಗತ್ಯದ ಮಾತನ್ನು ಎತ್ತಿದ್ದೀರಿ. ಅಂಕಿತಗಳ ಪ್ರಸ್ತಾಪ ಬಂದದ್ದರಿಂದ ಆಗ್ರಾ ಘರಾಣೆಯ (ಗಾಯನ ಪರಂಪರೆಯ) ಕಡೆಗೆ ಎಲ್ಲರ ಗಮನ ಸೆಳೆಯಬಯಸುತ್ತೇನೆ, ಏಕೆಂದರೆ ಹಾಡುವವರೇ ರಚನಕಾರರೂ ಆಗಿದ್ದ ಪರಂಪರೆ ಅಲ್ಲಿ ಅತ್ಯಂತ ಸಮೃದ್ಧವಾಗಿದೆ. ಉಸ್ತಾದ್ ಫೈಯಾಜ್ ಖಾನರು (1886–1950) ‘ಪ್ರೇಮಪಿಯಾ’ ಎಂದು, ವಿಲಾಯತ್ ಹುಸೇನ್ ಖಾನರು (1895–1962) ‘ಪ್ರಾಣಪಿಯಾ’ ಎಂದು, ಖಾದಿಮ್ ಹುಸೇನ್ ಖಾನರು ‘ಸಜನಪಿಯಾ’ ಎಂದು ಅಂಕಿತ ಇಟ್ಟುಕೊಂಡಿದ್ದರು. ಫೈಯಾಜ್ ಖಾನರ ಮಾವನವರಾದ ಅತ್ರೌಲಿಯ ಮೆಹಬೂಬ್ ಖಾನರು ‘ದರಸಪಿಯಾ’. ಈ ನಾಲ್ವರಲ್ಲಿ ನನಗೆ ಹೆಚ್ಚು ಪ್ರಿಯರಾದವರು ದರಸಪಿಯಾ. ಹಾಡುಗಾರರಾಗಿ ಅವರ ಹೆಸರು ಅಳಿಯನ ಹೆಸರಿನಷ್ಟು ದೂರ ಹೋಗಲಿಲ್ಲ, ಆದರೆ ಅವರ ಬಂದಿಶ್‌ಗಳು ಇಂದಿಗೂ ಆಪ್ತ ಕೇಳುಗರ ಬೈಠಕ್‌ಗಳಲ್ಲಿ ಜೀವಂತವಾಗಿವೆ.

ಈ ಪರಂಪರೆಗೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. ವಿಲಾಯತ್ ಹುಸೇನ್ ಖಾನರ ತಂದೆ ನತ್ಥನ್ ಖಾನರು ಮೈಸೂರು ಆಸ್ಥಾನದಲ್ಲಿದ್ದವರು, ಮತ್ತು ಗಾಯಕ ಭಾಸ್ಕರಬುವಾ ಬಖಲೆಯವರಿಗೆ ಆಗ್ರಾ ತಾಲೀಮು (ಶಿಕ್ಷಣ) ದೊರೆತದ್ದು ಅವರಿಂದ. ಆದ್ದರಿಂದ ಇದನ್ನು ಉತ್ತರದವರ ವಿಷಯವೆಂದು ದೂರ ಇಡುವ ಕಾರಣವಿಲ್ಲ.

ಶಹಾಪುರದ ಕೇಳುಗ, ಯಾದಗಿರಿ

ಹಿರಿಯರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ರೇಡಿಯೋದಿಂದ ಮುದ್ರಿಸಿಕೊಂಡ ಹಳೆಯ ಕ್ಯಾಸೆಟ್ ಒಂದಿದೆ. ಅದರಲ್ಲಿ ಒಬ್ಬ ಗಾಯಕಿ ಜೋಗ್ ರಾಗದಲ್ಲಿ ದ್ರುತ್ ತೀನತಾಲದ ಬಂದಿಶ್ ಹಾಡಿದ್ದಾರೆ. ನಿಲಯದವರ ಪ್ರಕಟಣೆ ಮುದ್ರಣವಾಗುವ ಮೊದಲೇ ಟೇಪು ಕಡಿದಿರುವುದರಿಂದ ಗಾಯಕಿಯ ಹೆಸರೂ ತಿಳಿಯದು, ರಚನಕಾರರೂ ತಿಳಿಯರು. ಸ್ಥಾಯಿ (ಹಾಡಿನ ಮೊದಲ ಭಾಗ) ‘ಸಾಜನ ಮೋರೆ ಘರ ಆಯೇ’ ಎಂದು ಆರಂಭವಾಗುತ್ತದೆ. ಇಂಥ ಸಂದರ್ಭದಲ್ಲಿ ರಚನಕಾರರನ್ನು ಗುರುತಿಸುವ ಬಗೆ ಹೇಗೆಂದು ತಿಳಿದವರು ದಯವಿಟ್ಟು ಹೇಳಬೇಕು.

ಪೂರ್ವಾಂಗ, ಕಲಬುರಗಿ

ಶಹಾಪುರದ ಸ್ನೇಹಿತರೇ, ಸ್ಥಾಯಿಯನ್ನು ಬಿಟ್ಟು ಅಂತರಾವನ್ನು (ಎರಡನೆಯ ಭಾಗವನ್ನು) ಗಮನವಿಟ್ಟು ಕೇಳಿರಿ. ಅಂಕಿತವು ಬಹುಮಟ್ಟಿಗೆ ಅಂತರಾದ ಕೊನೆಯ ಸಾಲಿನಲ್ಲಿ ಬರುತ್ತದೆ. ದ್ರುತ್ ಲಯದಲ್ಲಿ ಗಾಯಕರು ಅಂತರಾವನ್ನು ಒಂದೆರಡು ಸಲ ಮಾತ್ರ ಹೇಳಿ ವೇಗದ ಸ್ವರಸರಣಿಗಳಾದ ತಾನ್‌ಗಳಿಗೆ ಮರಳುತ್ತಾರೆ, ಹೀಗಾಗಿ ಆ ಸಾಲು ಕಿವಿತಪ್ಪಿ ಹೋಗುತ್ತದೆ. ತಾರ ಷಡ್ಜದಿಂದ ಇಳಿದು ಮತ್ತೆ ಸ್ಥಾಯಿಯ ಮುಖಡಾ ಹಿಡಿಯುವ ಮುನ್ನ ಬರುವ ಪದಗಳನ್ನು ಬರೆದು ಕಳುಹಿಸಿರಿ. ಉತ್ತರ ನನಗೆ ಹೊಳೆದಿದೆ, ಆದರೆ ತಾವೇ ಕೇಳಿ ಕಂಡುಕೊಂಡರೆ ಮುಂದಿನ ನೂರು ಬಂದಿಶ್‌ಗಳಿಗೂ ಆ ಕಿವಿ ಕೆಲಸಕ್ಕೆ ಬರುತ್ತದೆ.

ಹಳೆಯ ತಂಬೂರಿ, ಕಲಬುರಗಿ

ಅಂಕಿತ ಸಿಕ್ಕಿತೆಂದ ಮಾತ್ರಕ್ಕೆ ರಚನಕಾರರು ಸಿಕ್ಕರೆಂದು ತಿಳಿಯಬಾರದು ಎಂಬ ಎಚ್ಚರಿಕೆಯನ್ನು ನಾನು ಇಲ್ಲಿಯೇ ಸೇರಿಸಬಯಸುತ್ತೇನೆ. ಮೊಗಲ್ ಬಾದಶಹ ಮಹಮ್ಮದ್ ಶಾಹ್ (ಆಳ್ವಿಕೆ 1719–1748) ಆಸ್ಥಾನದ ನಿಯಾಮತ್ ಖಾನರು ‘ಸದಾರಂಗ’ ಎಂಬ ಹೆಸರಿನಿಂದ ಖ್ಯಾಲ್‌ಗಳನ್ನು ರಚಿಸಿದರು. ತಮ್ಮ ಅಂಕಿತದ ಜೊತೆಗೆ ಬಾದಶಹನ ಹೆಸರನ್ನೂ ಹೆಣೆದು ‘ಮಹಮ್ಮದ್ ಶಾ’ ಎಂದು ಹಲವೆಡೆ ಇಟ್ಟರು. ಅವರ ನಂತರ ‘ಅದಾರಂಗ’ ಎಂಬ ಅಂಕಿತದ ಫಿರೋಜ್ ಖಾನರು ಬಂದರು. ಇವರ ಕೀರ್ತಿ ಎಷ್ಟು ಹಬ್ಬಿತೆಂದರೆ, ನಂತರದ ಕಾಲದವರು ತಮ್ಮ ರಚನೆಗೆ ಮನ್ನಣೆ ದೊರೆಯಲೆಂದು ಸದಾರಂಗರ ಹೆಸರನ್ನೇ ಸೇರಿಸಿರುವ ಸಾಧ್ಯತೆಯನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಹಾಗಾಗಿ ಹಳೆಯ ರಚನೆಗಳ ವಿಷಯದಲ್ಲಿ ‘ಸದಾರಂಗ ಅಂಕಿತದ ಬಂದಿಶ್’ ಎಂದು ಬರೆಯುವುದು ಹೆಚ್ಚು ಸರಿಯಾದ ಕ್ರಮ.

ಸಾಹಿತ್ಯದ ಪಾಠವೂ (ಮಾತುಗಳ ರೂಪವೂ) ಒಂದೊಂದು ಘರಾಣೆಯಲ್ಲಿ ಒಂದೊಂದು ರೀತಿ ಇರುತ್ತದೆ. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಉಸ್ತಾದರ ಬಾಯಿಂದ ಕೇಳಿ ಸಂಗ್ರಹಿಸಿ, ಸ್ವರಲಿಪಿ ಸಹಿತ ಆರು ಭಾಗಗಳಲ್ಲಿ ಪ್ರಕಟಿಸಿದ ‘ಕ್ರಮಿಕ ಪುಸ್ತಕ ಮಾಲಿಕೆ’ಯನ್ನು ಎದುರಿಗೆ ಇಟ್ಟುಕೊಂಡು ಧ್ವನಿಮುದ್ರಿಕೆಗಳನ್ನು ಕೇಳಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಭಾತಖಂಡೆಯವರೂ ಸ್ವತಃ ರಚನಕಾರರು. ರಾಗದ ಲಕ್ಷಣವನ್ನೇ ಸಾಹಿತ್ಯವಾಗಿಸಿ ಅವರು ಕಟ್ಟಿದ ಲಕ್ಷಣಗೀತೆಗಳನ್ನು ನಾವು ಪರೀಕ್ಷೆಗಾಗಿ ಕಂಠಪಾಠ ಮಾಡಿ ಮರೆಯುತ್ತೇವೆ. ಅವುಗಳಲ್ಲಿ ‘ಚತುರ’ ಎಂಬ ಅಂಕಿತವಿದೆ.

ನಮ್ಮ ನೆಲಕ್ಕೆ ಸಂಬಂಧಿಸಿದ ಒಬ್ಬ ರಚನಕಾರರ ಹೆಸರನ್ನೂ ಇಲ್ಲಿ ಹೇಳಲೇಬೇಕು. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ (ಆಳ್ವಿಕೆ 1580–1627) ದಖನಿ ಭಾಷೆಯಲ್ಲಿ ಬರೆದ ‘ಕಿತಾಬ್-ಎ-ನವರಸ್’ ಗ್ರಂಥದಲ್ಲಿ 59 ಗೀತೆಗಳು, 17 ದೋಹೆಗಳು (ದ್ವಿಪದಿಗಳು) ಇವೆ. ಗೀತೆಗಳನ್ನು ಭೂಪಾಲಿ, ಭೈರವ, ತೋಡಿ, ಕೇದಾರ, ಕಲ್ಯಾಣ ಮುಂತಾದ ರಾಗಗಳ ಅಡಿಯಲ್ಲಿ ಜೋಡಿಸಲಾಗಿದೆ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸುವ ಆ ಸುಲ್ತಾನ, ನಮ್ಮ ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜ್ ಗೇಸೂದರಾಜರನ್ನೂ ಅದೇ ಗ್ರಂಥದಲ್ಲಿ ಹಾಡಿ ಹೊಗಳಿದ್ದಾರೆ. ಸ್ವರಲಿಪಿ ಉಳಿದಿಲ್ಲವಾದ್ದರಿಂದ ಇಂದು ಹಾಡುವವರು ಹೊಸದಾಗಿಯೇ ಸಂಯೋಜಿಸಬೇಕಾಗುತ್ತದೆ. ಅಂಥ ಪ್ರಯತ್ನದ ಧ್ವನಿಮುದ್ರಿಕೆ ಯಾರ ಬಳಿಯಾದರೂ ಇದ್ದರೆ, ಅದನ್ನು ಮೊದಲು ಕೇಳುವ ಹಕ್ಕು ಕಲಬುರಗಿಯವರಿಗಿದೆ ಎಂದು ಪ್ರೀತಿಯಿಂದ ಹೇಳುತ್ತೇನೆ.

ತಿಹಾಯಿ, ಹುಮನಾಬಾದ

ನಾನು ತಬಲಾ ಅಭ್ಯಾಸಿ. ಕಿತಾಬ್-ಎ-ನವರಸ್ ಕುರಿತು ಓದಿ ಸಂತೋಷವಾಯಿತು. ನಮ್ಮ ಊರಿನ ಪಕ್ಕದ ಮಾಣಿಕನಗರದ ಮಾತನ್ನು ಯಾರಾದರೂ ಎತ್ತುವರೆಂದು ಕಾಯುತ್ತಿದ್ದೆ, ಈಗ ನಾನೇ ಎತ್ತುತ್ತೇನೆ.

ಶ್ರೀ ಮಾಣಿಕಪ್ರಭುಗಳನ್ನು (1817–1865) ಜನ ಸಂತರೆಂದು ಬಲ್ಲರು, ಸಕಲಮತ ಸಂಪ್ರದಾಯದ ಪ್ರವರ್ತಕರೆಂದು ಬಲ್ಲರು. ಆದರೆ ಅವರು ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪದಗಳನ್ನು ರಚಿಸಿದ ವಾಗ್ಗೇಯಕಾರರೆಂಬ ವಿಷಯ ಸಂಸ್ಥಾನದ ಭಕ್ತವಲಯದ ಹೊರಗೆ ಹೆಚ್ಚು ಚರ್ಚೆಯಾಗಿಲ್ಲ. ಅವರ ಪೀಠದಲ್ಲಿ ಮುಂದೆ ಬಂದ ಮಾರ್ತಾಂಡ ಪ್ರಭುಗಳೂ ವೇದಾಂತಪರವಾದ ಪದಗಳನ್ನು ರಚಿಸಿದವರು. ಮಾರ್ಗಶಿರ ಮಾಸದ ದತ್ತಜಯಂತಿ ಉತ್ಸವದಲ್ಲಿ ನಡೆಯುವ ಸಂಗೀತ ದರ್ಬಾರಿಗೆ ದೂರದ ಕಲಾವಿದರು ಬಂದು ಸೇವೆ ಸಲ್ಲಿಸುತ್ತಾರೆ. ಖ್ಯಾಲ್ ಹಾಡಿ ಮುಗಿಸಿದ ಕಲಾವಿದರು ಕೊನೆಗೆ ಪ್ರಭುಗಳ ಪದವೊಂದನ್ನು ಹಾಡುವಾಗ, ಸಭೆಯಲ್ಲಿ ಕುಳಿತ ಸಾಮಾನ್ಯ ಭಕ್ತರು ಚಪ್ಪಾಳೆಯೊಡನೆ ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ತಬಲಾದವರಿಗೆ ಆ ಹೊತ್ತು ಬಹಳ ಎಚ್ಚರದ್ದು. ಸಭೆಯ ಲಯವು ವೇದಿಕೆಯ ಲಯಕ್ಕಿಂತ ತುಸು ಮುಂದೆ ಓಡುತ್ತದೆ, ಠೇಕಾವನ್ನು (ತಾಳದ ಮೂಲ ನುಡಿತವನ್ನು) ಸರಳವಾಗಿಟ್ಟು ಎರಡನ್ನೂ ಒಂದಾಗಿಸಬೇಕು.

ಈ ಪದಗಳನ್ನು ಭಜನೆಯಾಗಿ ಹಾಡಿದ ಮುದ್ರಿಕೆಗಳು ಸಾಕಷ್ಟು ಇವೆ. ರಾಗದ ಮರ್ಯಾದೆಯನ್ನು ಇಟ್ಟುಕೊಂಡು, ಒಂದು ಪದವನ್ನು ಹತ್ತು ಹನ್ನೆರಡು ನಿಮಿಷ ಹಾಡಿದ ಮುದ್ರಿಕೆಗಳನ್ನು ಒಂದೆಡೆ ಸೇರಿಸಬೇಕೆಂಬುದು ನನ್ನ ಆಸೆ. ಬೀದರ ಜಿಲ್ಲೆಯ ಸದಸ್ಯರು ಕೈಜೋಡಿಸಬೇಕು.

ಸುರಪುರದ ಓದುಗಿ, ಯಾದಗಿರಿ

ಚರ್ಚೆ ನಮ್ಮ ಭಾಗದ ರಚನಕಾರರ ಕಡೆಗೆ ತಿರುಗಿದ್ದು ನನಗೆ ಸಮಾಧಾನ ತಂದಿದೆ. ದಾಸಸಾಹಿತ್ಯದಲ್ಲಂತೂ ಅಂಕಿತವೇ ರಚನಕಾರರ ಸಹಿ. ಹೀಗಿದ್ದರೂ ಯಾವ ದೇವರನಾಮ ಹಾಡಿದರೂ ಪುರಂದರದಾಸರದೆಂದು ಬರೆದುಬಿಡುವ ರೂಢಿ ಇದೆ. ಭೀಮಸೇನ ಜೋಶಿಯವರು ಹಾಡಿ ಮನೆಮನೆಗೆ ತಲುಪಿಸಿದ ‘ಸದಾ ಎನ್ನ ಹೃದಯದಲ್ಲಿ’ ವಿಜಯದಾಸರ (1682–1755) ರಚನೆ. ‘ಕೈಲಾಸವಾಸ ಗೌರೀಶ ಈಶ’ ಕೂಡ ಅವರದೇ. ಅಂಕಿತವಿರುವ ಕೊನೆಯ ನುಡಿಯನ್ನು ಕೇಳುವ ವ್ಯವಧಾನ ಇದ್ದರೆ ಈ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ನಮ್ಮ ಸುರಪುರದ ವಿಷಯಕ್ಕೆ ಬರುತ್ತೇನೆ. ‘ತುಂಗಾತೀರ ವಿರಾಜಂ’ ಎಂಬ ರಾಘವೇಂದ್ರಸ್ವಾಮಿಗಳ ಸ್ತುತಿಯನ್ನು ಕೇಳದ ಕನ್ನಡಿಗರು ವಿರಳ. ಸಂಗೀತ ಕಲಿಯುವ ಮಕ್ಕಳಿಗೂ ಅದನ್ನು ಹೇಳಿಕೊಡುತ್ತಾರೆ. ಅದರ ಕೊನೆಯ ನುಡಿಯಲ್ಲಿ ‘ಕಮಲೇಶ’ ಎಂಬ ಅಂಕಿತ ಬರುತ್ತದೆ. ಕಮಲೇಶವಿಠಲ ಎಂಬುದು ಸುರಪುರದ ಆನಂದದಾಸರ ಅಂಕಿತ. ಇಷ್ಟು ಪ್ರಸಿದ್ಧವಾದ ಕೃತಿಯ ಕರ್ತೃವಿನ ಹೆಸರು ಅವರ ಊರಿನಲ್ಲಿಯೇ ಎಷ್ಟು ಜನರಿಗೆ ಗೊತ್ತು ಎಂದು ಯೋಚಿಸಿದಾಗ ನನಗೆ ವ್ಯಥೆಯಾಗುತ್ತದೆ. ಇದನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಯಾವ ರಾಗವಾದರೂ ಸರಿ, ಪದ ಒಡೆಯದಂತೆ, ನಿಧಾನವಾಗಿ, ಕೊನೆಯ ನುಡಿಯವರೆಗೆ ಹಾಡಿದ ಮುದ್ರಿಕೆಗಳನ್ನು ಮಾತ್ರ ನಾನು ಸಂಗ್ರಹಿಸುತ್ತಿದ್ದೇನೆ.

ಇನ್ನೊಂದು ಕೋರಿಕೆ. ವಿಜಯದಾಸರು, ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ರಚಿಸಿದ ಸುಳಾದಿಗಳನ್ನು ಇಂದು ಪಾರಾಯಣದಲ್ಲಿ ಓದುವವರೇ ಹೆಚ್ಚು, ಹಾಡುವವರು ತೀರ ಕಡಿಮೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ನುಡಿಯಿಂದ ನುಡಿಗೆ ತಾಳ ಬದಲಾಗುತ್ತ ಬಂದು ಕೊನೆಗೆ ‘ಜತೆ’ ಎಂಬ ಮುಕ್ತಾಯದ ಸಾಲುಗಳಲ್ಲಿ ನಿಲ್ಲುವ ಈ ಪ್ರಬಂಧರೂಪವನ್ನು ತಾಳಸಹಿತ ಹಾಡಿದ ಧ್ವನಿಮುದ್ರಿಕೆ ಇದ್ದವರು ದಯವಿಟ್ಟು ತಿಳಿಸಬೇಕು. ಹರಪನಹಳ್ಳಿ ಭೀಮವ್ವನವರ (1823–1903) ಹಾಡುಗಳೂ ನನಗೆ ಬೇಕಾಗಿವೆ. ‘ಭೀಮೇಶಕೃಷ್ಣ’ ಅಂಕಿತದ ಆ ಹಾಡುಗಳನ್ನು ಹೆಣ್ಣುಮಕ್ಕಳು ಪೂಜೆಯ ಹೊತ್ತಿಗೆ ಬಾಯಿಪಾಠವಾಗಿ ಹಾಡುತ್ತಾರೆಯೇ ಹೊರತು ಕಛೇರಿಯಲ್ಲಿ ಕೇಳಸಿಗುವುದು ಅಪರೂಪ.

ಏಕತಾರಿ, ಜೇವರ್ಗಿ

ಮೇಡಂ ಅವರ ಮಾತು ಓದಿದ ಮೇಲೆ ನಾನು ಸುಮ್ಮನಿರಲಾರೆ. ಶಾಸ್ತ್ರೀಯ ಸಂಗೀತದ ಬಳಗದಲ್ಲಿ ತತ್ವಪದಕ್ಕೆ ಜಾಗವಿದೆಯೋ ಇಲ್ಲವೋ ಎಂದು ಇಷ್ಟು ದಿನ ಹಿಂಜರಿದಿದ್ದೆ. ಕಡಕೋಳ ಮಡಿವಾಳಪ್ಪನವರು ನಮ್ಮ ಕಲಬುರಗಿ ಜಿಲ್ಲೆಯ ಅತ್ಯಂತ ದೊಡ್ಡ ರಚನಕಾರರಲ್ಲಿ ಒಬ್ಬರು. ಅವರ ಹಿಂದೆ ಚೆನ್ನೂರಿನ ಜಲಾಲಸಾಹೇಬರು, ಖೈನೂರಿನ ಕೃಷ್ಣಪ್ಪನವರು, ತೆಲಗಬಾಳದ ರೇವಪ್ಪನವರು ಎಂದು ಒಂದು ದೊಡ್ಡ ಶಿಷ್ಯಬಳಗವೇ ಇದೆ. ಬೇರೆ ಬೇರೆ ಜಾತಿ, ಧರ್ಮಗಳಿಂದ ಬಂದ ಇವರೆಲ್ಲ ಒಂದೇ ಗುರುವಿನ ಹೆಸರಿನಲ್ಲಿ ಪದ ಕಟ್ಟಿದರು. ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಅಮಾವಾಸ್ಯೆಯ ರಾತ್ರಿ ಮಠಗಳಲ್ಲಿ ಇಂದಿಗೂ ಈ ಪದಗಳು ಬೆಳಗಿನವರೆಗೆ ನಡೆಯುತ್ತವೆ. ಆ ಹಾಡುಗಾರರು ಪದ ಮುಗಿಸಿದ ಕೂಡಲೇ ಇದು ಯಾರ ಪದವೆಂದು ಕೇಳಿ ನೋಡಿರಿ, ತಡವರಿಸದೆ ಹೇಳುತ್ತಾರೆ. ರಚನಕಾರರನ್ನು ಮರೆಯುವ ರೋಗ ಅವರಲ್ಲಿಲ್ಲ.

ಆದರೆ ನನಗೊಂದು ಆತಂಕವಿದೆ. ಇತ್ತೀಚೆಗೆ ತತ್ವಪದಗಳನ್ನು ವೇದಿಕೆಗೆ ತಂದು, ವಿಲಂಬಿತ್ ಲಯದಲ್ಲಿ ಆಲಾಪ ಬೆಳೆಸಿ, ತಾನ್ ಹಾಕಿ ಹಾಡುವುದನ್ನು ಕೇಳಿದ್ದೇನೆ. ತತ್ವಪದವೆಂದರೆ ಗುರುವು ಶಿಷ್ಯನ ಎದುರು ಕುಳಿತು ಒಗಟಿನಂತೆ ಹೇಳುವ ಮಾತು. ಒಂದು ನುಡಿ ಮುಗಿದು ಹಿಮ್ಮೇಳದವರು ಪಲ್ಲವಿ ಎತ್ತುವಷ್ಟರಲ್ಲಿ ಕೇಳುವವನು ಆ ಒಗಟನ್ನು ಬಿಡಿಸಿಕೊಳ್ಳಬೇಕು. ಮಾತನ್ನು ಎಳೆದು ಹಿಗ್ಗಿಸಿದರೆ ಒಗಟಿನ ಕಟ್ಟು ಸಡಿಲಾಗುತ್ತದೆ. ರಾಗ ಬೆಳೆಯಿತು, ಮಡಿವಾಳಪ್ಪನವರು ಕರಗಿದರು ಎಂದಾಗಬಾರದು. ಆದ್ದರಿಂದ ಈ ಬಳಗದಲ್ಲಿ ತತ್ವಪದಗಳನ್ನು ಹಂಚಿಕೊಳ್ಳುವಾಗ ಮಠದ ಭಜನೆಯ ಮುದ್ರಿಕೆಗಳಿಗೆ ಮೊದಲ ಮನ್ನಣೆ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ಸಂಗೀತ ಶಿಕ್ಷಕಿ, ಕಲಬುರಗಿ

ಏಕತಾರಿ ಅವರೇ, ತಮ್ಮ ಆತಂಕ ನ್ಯಾಯವಾದದ್ದು. ಆದರೂ ರಾಗಕ್ಕೆ ಅಳವಡಿಸುವುದನ್ನೇ ಬೇಡವೆನ್ನಲು ನನಗೆ ಮನಸ್ಸಾಗುವುದಿಲ್ಲ. ವಚನಗಳ ಉದಾಹರಣೆಯನ್ನು ನೋಡೋಣ. ವಚನಕ್ಕೆ ಪಲ್ಲವಿಯಿಲ್ಲ, ನುಡಿಗಳ ವಿಭಾಗವಿಲ್ಲ, ಗೊತ್ತಾದ ಮಟ್ಟೂ (ಹಾಡುವ ಧಾಟಿಯೂ) ಇಲ್ಲ. ಅಂಥ ರಚನೆಗಳನ್ನು ಮಲ್ಲಿಕಾರ್ಜುನ ಮನ್ಸೂರರೂ ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರೂ ರಾಗದಲ್ಲಿ ಹಾಡಿದರು. ಮನ್ಸೂರರು ‘ಅಕ್ಕ ಕೇಳವ್ವಾ’ ಹಾಡುವುದನ್ನು ಕೇಳಿರಿ. ಅಪ್ರಚಲಿತ ರಾಗಗಳಲ್ಲಿ ಅಷ್ಟು ಬಿಗಿಯಾದ ತಾನ್‌ಗಳನ್ನು ಹೆಣೆಯುವ ಅದೇ ಗಾಯಕರು ಇಲ್ಲಿ ಅಕ್ಕಮಹಾದೇವಿಯ ಮಾತಿನ ಮುಂದೆ ತಮ್ಮ ವಿದ್ವತ್ತನ್ನು ತಗ್ಗಿಸಿ ನಿಲ್ಲುತ್ತಾರೆ. ಮಾತು ಸ್ಪಷ್ಟವಾಗಿ ಉಳಿಯುತ್ತದೆ. ದೋಷವಿರುವುದು ರಾಗದಲ್ಲಿ ಅಲ್ಲ, ಎಲ್ಲಿ ನಿಲ್ಲಬೇಕೆಂದು ತಿಳಿಯದ ಗಾಯನದಲ್ಲಿ.

ಕುಮಾರ ಗಂಧರ್ವರನ್ನೂ ಇಲ್ಲಿ ನೆನೆಯಬೇಕು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರು ಕ್ಷಯರೋಗದಿಂದ ಹಾಡಲಾಗದೆ ದೇವಾಸದಲ್ಲಿ ಮಲಗಿದ್ದ ವರ್ಷಗಳಲ್ಲಿ ಮಾಳವದ ಜನಪದ ಹಾಡುಗಳನ್ನು ಆಳವಾಗಿ ಆಲಿಸಿದರು. ಆ ಹಾಡುಗಳ ಧಾಟಿಯಾದ ಧುನ್‌ಗಳಿಂದ ಹೊಸ ರಾಗಗಳನ್ನು ಎತ್ತಿ ಅವನ್ನು ‘ಧುನ್-ಉಗಮ’ ರಾಗಗಳೆಂದು ಕರೆದರು. 1965ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ದಲ್ಲಿ ಅವರ ಬಂದಿಶ್‌ಗಳು ಸ್ವರಲಿಪಿ ಸಹಿತ ಇವೆ. ಗಾಯಕರೆಂದು ಅವರನ್ನು ಎಲ್ಲರೂ ಬಲ್ಲರು, ಆದರೆ ವಾಗ್ಗೇಯಕಾರರೆಂದು ಅವರನ್ನು ಪ್ರತ್ಯೇಕವಾಗಿ ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆಯಬೇಕಾಗಿದೆ. ಅವರು ಮೊದಲು ಜನಪದವನ್ನು ಅದರ ಧಾಟಿಯಲ್ಲಿಯೇ ಕೇಳಿ, ಬರೆದು, ಅರಗಿಸಿಕೊಂಡರು. ರಾಗ ಬಂದದ್ದು ಆಮೇಲೆ. ನಮ್ಮ ತತ್ವಪದಗಳ ವಿಷಯದಲ್ಲಿಯೂ ಇದೇ ಕ್ರಮ ಸರಿಯೆಂದು ನನ್ನ ಅಭಿಪ್ರಾಯ. ಮಠದ ಮುದ್ರಿಕೆಯಿಂದ ಮೂಲ ಮಟ್ಟಿಗೆ ಸ್ವರಲಿಪಿ ಬರೆದುಕೊಂಡ ನಂತರವೇ ರಾಗಸಂಯೋಜನೆಗೆ ಕೈಹಾಕಬೇಕು, ಮತ್ತು ಸಂಯೋಜಿಸಿದವರ ಹೆಸರನ್ನು ಪದಕಾರರ ಹೆಸರಿನ ಪಕ್ಕದಲ್ಲಿ ಪ್ರತ್ಯೇಕವಾಗಿ ಬರೆಯಬೇಕು. ವಚನಗಳಿಗೂ ಇದೇ ನಿಯಮ ಅನ್ವಯಿಸಲಿ. ಸಾಹಿತ್ಯ ಹನ್ನೆರಡನೆಯ ಶತಮಾನದ್ದು, ಸ್ವರ ಇಪ್ಪತ್ತನೆಯ ಶತಮಾನದ್ದು. ಇಬ್ಬರಿಗೂ ಸಲ್ಲಬೇಕಾದ ಗೌರವ ಸಲ್ಲಬೇಕು.

ಏಕತಾರಿ, ಜೇವರ್ಗಿ

ಮೂ‌ಲ ಮಟ್ಟಿಗೆ ಸ್ವರಲಿಪಿ ಬರೆಯುವ ಮಾತು ನನಗೆ ಬಹಳ ಹಿಡಿಸಿತು. ಮುಂದಿನ ಅಮಾವಾಸ್ಯೆಯ ಭಜನೆಯನ್ನು ಹಾಡುಗಾರರ ಒಪ್ಪಿಗೆ ಪಡೆದು ಮುದ್ರಿಸಿ ತರುತ್ತೇನೆ. ಸ್ವರ ಗುರುತಿಸಲು ಶಿಕ್ಷಕಿಯವರ ಸಹಾಯ ಬೇಕು. ಮಟ್ಟು ಒಂದೇ ಆದರೂ ಊರಿಂದ ಊರಿಗೆ ಲಯ ಬೇರೆಯಾಗುತ್ತದೆ, ಆದ್ದರಿಂದ ಒಂದೇ ಪದವನ್ನು ಎರಡು ಮೂರು ಕಡೆ ಮುದ್ರಿಸಬೇಕಾಗಬಹುದು. ತಾನ್‌ಗಳ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಮೊದಲಿನಂತೆಯೇ ಇದೆ.

ಮಂದ್ರಷಡ್ಜ, ಬೀದರ

ಇಪ್ಪತ್ತನೆಯ ಶತಮಾನದ ಇನ್ನಿಬ್ಬರು ರಚನಕಾರರನ್ನು ಸೂಚಿಸುತ್ತೇನೆ. ಶ್ರೀಕೃಷ್ಣ ನಾರಾಯಣ ರತಂಜನಕರ್ (1900–1974) ಅವರು ‘ಸುಜಾನ’ ಅಂಕಿತದಲ್ಲಿ ರಚಿಸಿದ ಬಂದಿಶ್‌ಗಳು ‘ಅಭಿನವ ಗೀತಮಂಜರಿ’ಯಲ್ಲಿ ಪ್ರಕಟವಾಗಿವೆ. ಅವರ ಶಿಷ್ಯರಾದ ಕೆ. ಜಿ. ಗಿಂಡೆಯವರು (1925–1994) ನಮ್ಮ ಬೈಲಹೊಂಗಲದವರು. ಗುರುವಿನ ಬಂದಿಶ್‌ನ ಒಂದೊಂದು ಅಕ್ಷರವನ್ನೂ ಅದರ ಮಾತ್ರೆಯ ಮೇಲೆ ಇಟ್ಟು ತೋರಿಸುವ ಅವರ ಗಾಯನ, ರಚನೆಯನ್ನು ಅರಿಯಬೇಕೆನ್ನುವವರಿಗೆ ಅತ್ಯಂತ ಉಪಯುಕ್ತ. ಮೋಹಕ ಕಂಠವನ್ನು ಹುಡುಕುವವರು ಅದನ್ನು ದಾಟಿ ಹೋಗಬಹುದು, ನಾನಂತೂ ಮತ್ತೆ ಮತ್ತೆ ಮರಳುತ್ತೇನೆ.

ಎರಡನೆಯವರು ಅಲಹಾಬಾದಿನ ರಾಮಾಶ್ರಯ ಝಾ (1928–2009), ಅಂಕಿತ ‘ರಾಮರಂಗ’. ‘ಅಭಿನವ ಗೀತಾಂಜಲಿ’ಯ ಐದು ಭಾಗಗಳಲ್ಲಿ ರಾಗಗಳ ವಿವೇಚನೆಯೊಂದಿಗೆ ಅವರ ಸ್ವಂತ ರಚನೆಗಳೂ ಇವೆ. ಇವರ ಬಂದಿಶ್‌ಗಳಲ್ಲಿ ರಾಗದ ಮುಖ್ಯ ಸಂಚಾರವು ತಾಳದ ಮೊದಲ ಆವರ್ತನದಲ್ಲಿಯೇ (ಸುತ್ತಿನಲ್ಲಿಯೇ) ಪೂರ್ಣವಾಗಿ ಮೂಡುತ್ತದೆ. ಆಲಾಪವಿಲ್ಲದೆ ನೇರವಾಗಿ ಬಂದಿಶ್ ಎತ್ತಿಕೊಂಡರೂ ರಾಗದ ಬಗ್ಗೆ ಸಂಶಯ ಉಳಿಯುವುದಿಲ್ಲ.

ಹಳೆಯ ತಂಬೂರಿ, ಕಲಬುರಗಿ

ಮುದ್ರಿಕೆಗಳನ್ನು ಕ್ಯಾಸೆಟ್ಟಿನಿಂದ ಇಳಿಸಿಕೊಳ್ಳುವವರಿಗೆ ಒಂದೆರಡು ಸೂಚನೆಗಳು. ಟೇಪಿನ ವೇಗ ಸುಮಾರು ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಸಫೇದ್ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಶ್ರುತಿಯಲ್ಲಿ) ಹಾಡಿದವರು ಕಾಲಿ ಒಂದರಲ್ಲಿ (ಮೊದಲ ಕರಿ ಮನೆಯಲ್ಲಿ) ಹಾಡಿದಂತೆ ಕೇಳಿಸುತ್ತಾರೆ, ತಾನ್‌ಗಳೂ ಇದ್ದುದಕ್ಕಿಂತ ಚುರುಕಾಗಿ ಕಾಣುತ್ತವೆ. ಅದೇ ಗಾಯಕರ ಬೇರೆ ಮುದ್ರಿಕೆಗಳ ಶ್ರುತಿಯೊಂದಿಗೆ ಹೋಲಿಸಿ ವೇಗ ಸರಿಪಡಿಸಬೇಕು. ಟೇಪಿನ ಸದ್ದನ್ನು ತೆಗೆಯುವ ಆತುರದಲ್ಲಿ ತಂಬೂರಿಯ ಝೇಂಕಾರವನ್ನೂ ಅಳಿಸಬಾರದು. ಎಂಪಿ3 ಪ್ರತಿಯನ್ನು ಹಂಚಿಕೊಂಡರೂ, ಸಂಕುಚಿತಗೊಳಿಸದ ಮೂಲ ಪ್ರತಿಯನ್ನು ಕಾಪಾಡಿಕೊಳ್ಳಿರಿ.

ಹಕ್ಕುಗಳ ವಿಷಯವೂ ಮುಖ್ಯ. ನಮ್ಮ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯೊಂದರ ಹಕ್ಕು ಅದು ಪ್ರಕಟವಾದ ನಂತರ 60 ವರ್ಷಗಳವರೆಗೆ ಇರುತ್ತದೆ. ಅದಕ್ಕಿಂತ ಹೊಸ ತಟ್ಟೆಗಳನ್ನು ಇಲ್ಲಿ ನೇರವಾಗಿ ಹಾಕದೆ, ಅಧಿಕೃತವಾಗಿ ಎಲ್ಲಿ ಸಿಗುತ್ತವೆ ಎಂದಷ್ಟೇ ತಿಳಿಸೋಣ. ಖಾಸಗಿ ಬೈಠಕ್‌ಗಳ ಮುದ್ರಿಕೆಯಾದರೆ ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆ ಇರಲೇಬೇಕು.

ಶಹಾಪುರದ ಕೇಳುಗ, ಯಾದಗಿರಿ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಅಂತರಾವನ್ನು ಬಿಡಿಸಿ ಕೇಳಿದೆ. ಮಂಗಳಗೀತೆ ಹಾಡಿರಿ, ರಂಗವಲ್ಲಿ ತುಂಬಿರಿ ಎಂಬ ಅರ್ಥದ ಮಾತುಗಳಾದ ಮೇಲೆ ‘ಪ್ರೇಮಪಿಯಾ’ ಎಂಬ ಪದ ನಿಚ್ಚಳವಾಗಿ ಕೇಳಿಸುತ್ತದೆ. ಅಲ್ಲಿಗೆ ಇದು ಫೈಯಾಜ್ ಖಾನರ ರಚನೆ ಎಂದಾಯಿತು. ಮನೆಗೆ ಬಂದ ಪ್ರಿಯನನ್ನು ಕುರಿತ ಹಾಡಿನಲ್ಲಿ ‘ಪ್ರೇಮಪಿಯಾ’ ಎಂದರೆ ಆ ಪ್ರಿಯನೂ ಹೌದು, ಕವಿಯ ಸಹಿಯೂ ಹೌದು. ಇದನ್ನು ಅರಿತ ಮೇಲೆ, ಶುದ್ಧ ಗಾಂಧಾರದಿಂದ ಏರಿ ಕೋಮಲ ಗಾಂಧಾರವನ್ನು ಮುಟ್ಟಿ ಷಡ್ಜಕ್ಕೆ ಇಳಿಯುವ ಜೋಗ್ ರಾಗದ ಚಲನೆಯಲ್ಲಿ ಹಿಂದೆ ಕೇಳಿಸದ ಸಡಗರವೊಂದು ನನಗೆ ಕೇಳಿಸುತ್ತಿದೆ.

ಪೂರ್ವಾಂಗ, ಕಲಬುರಗಿ

ಬಹಳ ಸಂತೋಷ. ಹಾಗಾದರೆ ಈ ಮುದ್ರಿಕೆಯ ವಿವರವನ್ನು ಹೀಗೆ ಬರೆದಿಡೋಣ: ರಾಗ ಜೋಗ್, ದ್ರುತ್ ತೀನತಾಲ, ರಚನೆ ಉಸ್ತಾದ್ ಫೈಯಾಜ್ ಖಾನ್, ಅಂಕಿತ ಪ್ರೇಮಪಿಯಾ, ಆಕಾಶವಾಣಿ ಪ್ರಸಾರದಿಂದ ಮುದ್ರಿಸಿಕೊಂಡದ್ದು, ಗಾಯಕಿಯ ಹೆಸರು ತಿಳಿಯಬೇಕಾಗಿದೆ. ಹಳೆಯ ತಂಬೂರಿ ಸರ್ ಹೇಳಿದಂತೆ ಮೊದಲು ಟೇಪಿನ ವೇಗ ಸರಿಪಡಿಸಿ, ‘ಆ’ ಎಂದು ಹಾಡುವ ಆಕಾರದ ತಾನ್‌ಗಳು ಬರುವ ಭಾಗವನ್ನು ಮತ್ತು ಮುಖಡಾ ಹಿಡಿಯುವ ಒಂದೆರಡು ಆವರ್ತನಗಳನ್ನು ಪ್ರತ್ಯೇಕವಾಗಿ ಕಳುಹಿಸಿದರೆ, ಕಂಠ ಮತ್ತು ತಾಲೀಮನ್ನು ಆಧರಿಸಿ ಗುರುತಿಸಲು ಬಳಗದ ಹಿರಿಯರು ಪ್ರಯತ್ನಿಸಬಹುದು. ತಿಹಾಯಿ ಅವರೇ, ತಬಲಾದ ಬಾಜ್ (ನುಡಿಸುವ ಶೈಲಿ) ಯಾರದ್ದಿರಬಹುದೆಂದು ತಾವೂ ಕೇಳಿ ಹೇಳಬೇಕು.